ದೀಕ್ಷಾಸ್ನಾನದ ಮರುದಿನ: ಕೆಂಪು ಹೆಂಚಿನ ಹಿಂದಿನ ಪ್ರಶ್ನೆ

ಕರಾವಳಿಯ ಹಳೇ ಮನೆಗಳ ಮಾಡಿನ ಮೇಲೆ ಕೆಂಪು ಹೆಂಚು ನೋಡಿರ್ತೀರಿ. ಇವತ್ತು ನಾನು ಹೇಳಹೊರಟಿರೋದು ಆ ಹೆಂಚಿನ ಹಿಂದಿರುವ ಒಂದು ಧಾರ್ಮಿಕ ಪ್ರಶ್ನೆಯ ಕಥೆ. ರಕ್ಷಣೆ ನಂಬಿಕೆಯಿಂದಲೇ ಸಿಗುತ್ತೆ ಅಂತಾದರೆ, ಆ ನಂಬಿಕೆಯಂತೆ ಬದುಕೋದು ಹೇಗೆ?

1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು: ಹೆಬಿಕ್, ಲೆಹ್ನರ್, ಗ್ರೈನರ್. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿಂದ ಬಂದವರಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಅವರ ಬೋಧನೆ ಸ್ಪಷ್ಟವಾಗಿತ್ತು. ರಕ್ಷಣೆ ದೇವರ ಕೃಪೆ. ದಾನದಿಂದಾಗಲಿ ಯಾತ್ರೆಯಿಂದಾಗಲಿ ಅದನ್ನು ಗಳಿಸಲಾಗದು. ಜೊತೆಗೆ, ಕೃಪೆ ಸಿಕ್ಕಿದ್ದು ನಿಜವಾದರೆ ಅದು ದಿನದಿನದ ನಡತೆಯಲ್ಲಿ ಕಾಣಲೇಬೇಕು ಅನ್ನೋ ಪೈಯಟಿಸ್ಟ್ ಪಂಥದವರು ಅವರು.

ಪುಸ್ತಕದಲ್ಲಿ ಈ ಎರಡೂ ಮಾತು ಸಲೀಸಾಗಿ ಹೊಂದುತ್ತವೆ. ಮಂಗಳೂರಲ್ಲಿ ಹಾಗಾಗಲಿಲ್ಲ. ದೀಕ್ಷಾಸ್ನಾನ ಪಡೆದವರಿಗೆ ಮನೆ, ಜಾತಿ, ಕಸುಬು ಎಲ್ಲವೂ ಕೈತಪ್ಪುತ್ತಿದ್ದವು. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರಿಗೆ ವಿದ್ಯೆಯಾದರೂ ಇತ್ತು. ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಆದರೆ ಬಡ ಬಿಲ್ಲವ ಒಕ್ಕಲಿನ ಕಥೆ? ಧಣಿ ಗದ್ದೆ ಬಿಡಿಸಿಕೊಂಡರೆ ಮುಗೀತು. ಇನ್ನು ಕಳ್ಳು ಇಳಿಸೋ ಮೂರ್ತೆ ಕೆಲಸ ಕ್ರೈಸ್ತನಿಗೆ ತಕ್ಕದ್ದಲ್ಲ ಅಂತ ಮಿಶನ್ನೇ ಹೇಳುತ್ತಿತ್ತು.

ಹಸಿದವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಬಂತು ಅಂತ ಬೈಬಲ್ಲಿನ ಯಾಕೋಬನ ಪತ್ರಿಕೆ ಕೇಳುತ್ತೆ. ಆ ಪ್ರಶ್ನೆ ಈಗ ಮಿಶನ್ನಿನ ಬಾಗಿಲಿಗೇ ಬಂದಿತ್ತು. ಬೇಸಾಯ ಮಾಡಿಸಿ ನೋಡಿದರು, ಛಾಪಖಾನೆ ತೆರೆದರು, ಮಗ್ಗ ಹಾಕಿಸಿದರು. 1851ರಲ್ಲಿ ಬಂದ ಹಾಲರ್ ನೇಯ್ಗೆ ಕೆಲಸವನ್ನು ಬೆಳೆಸಿದರು. ಕೊನೆಗೆ 1865ರಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಅನ್ನೋ ಹೆಸರು ಸಮುದ್ರ ದಾಟಿ ಹೋಯಿತು.

ಇಲ್ಲಿಗೆ ಕಥೆ ಸುಖಾಂತ್ಯ ಅನ್ನಬಹುದಿತ್ತು. ನಾನು ಹಾಗನ್ನೋದಿಲ್ಲ. ಯಾಕಂದ್ರೆ ಕೂಲಿ ಕೊಡುವ ಸಂಸ್ಥೆ, ನಿನ್ನ ನಂಬಿಕೆ ಸರಿಯಿದೆಯೇ ಅಂತ ನೋಡುವ ಸಂಸ್ಥೆ, ಎರಡೂ ಒಂದೇ ಆಗಿತ್ತು. ಅನ್ನಕ್ಕಾಗಿ ಮತ ಬಿಟ್ಟರು ಅನ್ನೋ ಮಾತು ಹೊರಗಿನವರ ಬಾಯಲ್ಲಿತ್ತು. ವ್ಯಾಪಾರ ಧರ್ಮಸೇವೆಯನ್ನು ನುಂಗೀತು ಅನ್ನೋ ಅಳುಕು ಒಳಗಿನವರಿಗೂ ಇತ್ತು. 1859ರಲ್ಲೇ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಮಾಡಿಕೊಂಡಿದ್ದರು. ಆದರೂ ಜಪ್ಪುವಿನ ಕೆಲಸಗಾರನ ಕಣ್ಣಿಗೆ ಪಾದ್ರಿ ಬೇರೆ, ಧಣಿ ಬೇರೆ ಅಂತ ಕಂಡಿರಲಾರದು.

ಆ ಗಂಟನ್ನು ಬಿಡಿಸಿದ್ದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಲ್ಲಿ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಪಾಲಾದವು. ಸಂಬಳ ಕೊಡುವವರು ಬೇರೆ, ಪ್ರಾರ್ಥನೆ ನಡೆಸುವವರು ಬೇರೆ ಆದರು. ಅನ್ನಕ್ಕಾಗಿಯೇ ಬಂದವರಾಗಿದ್ದರೆ ಹೊರಟುಹೋಗಲು ಅದೇ ಸಮಯ. ಆದರೆ ಸಭೆಗಳು ಚದುರಲಿಲ್ಲ. ಸ್ಥಳೀಯ ಪಾದ್ರಿಗಳು, ಹಿರಿಯರು ಹೊಣೆ ಹೊತ್ತರು. ಮಂಗಳೂರಿನ ಬಲ್ಮಠದ ಶಾಂತಿ ದೇವಾಲಯದಲ್ಲಿ ಇವತ್ತಿಗೂ ಭಾನುವಾರದ ಆರಾಧನೆ ಕನ್ನಡದಲ್ಲಿ ನಡೀತದೆ.

ಮೊದಲ ದಿನ ಯಾರು ಯಾಕೆ ಬಂದರು ಅನ್ನೋದನ್ನು ಯಾವ ದಾಖಲೆಯೂ ತೋರಿಸೋದಿಲ್ಲ, ಅದು ಅವರವರ ಎದೆಯೊಳಗಿನ ಮಾತು. ಕೂಲಿಯ ಹಂಗು ಹರಿದ ಮೇಲೂ ಯಾರು ಉಳಿದರು ಅನ್ನೋದನ್ನು ಮಾತ್ರ ಇತಿಹಾಸ ಹೇಳಬಲ್ಲದು. ನಂಬಿಕೆಯ ಲೆಕ್ಕ ನೋಡಲು ಅದೇ ಸರಿಯಾದ ಜಾಗ ಅಂತ ನನ್ನ ಅನಿಸಿಕೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.