ಗೋಡೆಯ ಮೇಲಣ ಇಬ್ಬರು ಕಲಾವಿದೆಯರು

ಜೀವಂತ ವ್ಯಕ್ತಿಯನ್ನು ಎದುರಿಗಿರಿಸಿಕೊಂಡು ಅಂಗಾಂಗಗಳ ಪ್ರಮಾಣವನ್ನರಿತು ಬರೆಯುವ ಅಭ್ಯಾಸವು ಪಾಶ್ಚಾತ್ಯ ಚಿತ್ರಶಿಕ್ಷಣದ ತಳಹದಿಯಾಗಿದ್ದಿತು. 1768ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿಯು ಸ್ಥಾಪಿತವಾದಾಗ ಆಂಜೆಲಿಕಾ ಕಾಫ್‌ಮನ್, ಮೇರಿ ಮೋಸರ್ ಎಂಬಿಬ್ಬರು ಕಲಾವಿದೆಯರೂ ಅದರ ಸಂಸ್ಥಾಪಕರಲ್ಲಿದ್ದರು. ಆದರೆ ಜೋಫನಿಯವರು 1771-72ರಲ್ಲಿ ಬರೆದ ಸದಸ್ಯರ ಸಮೂಹಚಿತ್ರವನ್ನು ವಾಚಕರು ಚಿತ್ತವಿಟ್ಟು ನೋಡಬೇಕು. ಮಾದರಿಯಾಗಿ ಕುಳಿತ ವಿವಸ್ತ್ರ ಪುರುಷನ ಕೊಠಡಿಯಲ್ಲಿ ಗಂಡಸರು ಗುಂಪುಗೂಡಿರುವರು. ಆ ಇಬ್ಬರು ಮಹಿಳೆಯರೋ, ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಮಾತ್ರ ಇರುವರು! ಮರ್ಯಾದೆಯ ನೆಪದಿಂದ ಆ ಕೊಠಡಿಯು ಅವರಿಗೆ ನಿಷಿದ್ಧವಾಗಿದ್ದಿತು. ಆದರೂ ಕಾಫ್‌ಮನ್ ಅವರು ದೇಹಜ್ಞಾನವನ್ನು ಬೇಡುವ ಐತಿಹಾಸಿಕ ಚಿತ್ರಗಳನ್ನೇ ಬರೆದರು; ಅವರ ಪುರುಷಾಕೃತಿಗಳು ಪೌರುಷಹೀನವೆಂದು ವಿಮರ್ಶಕರು ಹಳಿದರು. ಕಲಿಯಗೊಡದೆ ತಪ್ಪೆಣಿಸುವುದು ಯಾವ ನ್ಯಾಯವೋ! 1893ರಲ್ಲಿ ಅಲ್ಲಿಯ ವಿದ್ಯಾರ್ಥಿನಿಯರಿಗೆ ಈ ಅಭ್ಯಾಸವು ಲಭಿಸಿತು, ಮಾದರಿಯವರು ವಸ್ತ್ರವನ್ನು ಪೂರ್ತಿ ತೊರೆಯಬಾರದೆಂಬ ಕಟ್ಟಳೆಯೊಡನೆ.