ಮಾನವಶಾಸ್ತ್ರ: ಗಡಿನಾಡಿನ ವಿದ್ಯಾರ್ಥಿಗಳಿಗೊಂದು ಪರಿಚಯ

ಕಾಸರಗೋಡಿನ ಮರಾಟಿ ಸಮುದಾಯವನ್ನು 2002ರ ತಿದ್ದುಪಡಿ ಕಾಯ್ದೆಯು ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ಕೈಬಿಟ್ಟಿತು. 2013ರಲ್ಲಿ ಮತ್ತೆ ಸೇರಿಸಲಾಯಿತು. ನಡುವೆ ಹತ್ತು ವರ್ಷ ಉರುಳಿದವು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳ ಶಾಲೆ, ಕಾಲೇಜು ಎರಡೂ ಮುಗಿದಿರುತ್ತವೆ. ಅತ್ತ ಬಳ್ಳಾರಿ ಕಡೆಯ ನಾಯಕ, ಬೇಡ ಸಮುದಾಯದವರು ಪರಿಶಿಷ್ಟ ಪಂಗಡದಲ್ಲಿದ್ದರೆ, ಗಡಿಯಾಚೆ ಆದೋನಿ, ರಾಯದುರ್ಗದ ವಾಲ್ಮೀಕಿ ಬೋಯರು ಹಿಂದುಳಿದ ವರ್ಗದಲ್ಲಿದ್ದಾರೆ.

ಒಂದು ಸಮುದಾಯ ಯಾವ ಪಟ್ಟಿಗೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ಸರಕಾರ ಕೇಳುವ ದಾಖಲೆಗಳಲ್ಲಿ ಕುಲಶಾಸ್ತ್ರೀಯ ಅಧ್ಯಯನ ಮುಖ್ಯವಾದುದು. ಮದುವೆ, ಬಳಿ, ದೈವ, ಕಸುಬು, ವಲಸೆಯ ಕಥೆ, ಮನೆಮಾತು ಇವನ್ನೆಲ್ಲ ಊರಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸವದು. ಕೇರಳದಲ್ಲಿ ಇದನ್ನು ಕೋಝಿಕ್ಕೋಡಿನ ಕಿರ್ತಾಡ್ಸ್ ಸಂಸ್ಥೆ ಮಾಡುತ್ತದೆ. ಕರ್ನಾಟಕಕ್ಕೆ ಮೈಸೂರಿನಲ್ಲಿ, ತಮಿಳುನಾಡಿಗೆ ಉದಕಮಂಡಲದಲ್ಲಿ ಬುಡಕಟ್ಟು ಸಂಶೋಧನಾ ಕೇಂದ್ರಗಳಿವೆ. ಈ ಕೆಲಸಕ್ಕೆ ಬೇಕಾದ ವಿದ್ಯೆಯೇ ಮಾನವಶಾಸ್ತ್ರ.

ಸಮಾಜಶಾಸ್ತ್ರವೂ ಇದೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಎರಡೂ ನೆರೆಮನೆಯವು ನಿಜ. ಆದರೆ ಮಾನವಶಾಸ್ತ್ರವು ಮನುಷ್ಯನ ದೇಹ, ಮಾತು, ನಡೆನುಡಿ, ಮಣ್ಣಿನಡಿಯ ಕುರುಹು ನಾಲ್ಕನ್ನೂ ಒಟ್ಟಿಗೆ ನೋಡುತ್ತದೆ. ಶಾಖೆಗಳೂ ಹಾಗೆಯೇ ನಾಲ್ಕು.

ದೇಹದ ಅಧ್ಯಯನ ಮಾಡುವುದು ಜೈವಿಕ ಮಾನವಶಾಸ್ತ್ರ. ಕುಡಗೋಲು ರಕ್ತಕಣ ರೋಗ, ಅಂದರೆ ಸಿಕಲ್ ಸೆಲ್, ಭಾರತದಲ್ಲಿದೆ ಎಂಬುದು 1952ರಲ್ಲಿ ವರದಿಯಾದದ್ದು ನೀಲಗಿರಿಯ ಬುಡಕಟ್ಟುಗಳ ರಕ್ತಪರೀಕ್ಷೆಯಿಂದ. ತಂದೆ, ತಾಯಿ ಇಬ್ಬರಲ್ಲೂ ಈ ಗುಣ ಅಡಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಯಾರು ಯಾರಲ್ಲಿ ಹೆಣ್ಣು ತರುತ್ತಾರೆ ಎಂಬ ವಿಷಯ ವೈದ್ಯರಿಗೂ ಬೇಕಾಗುತ್ತದೆ. ವಯನಾಡಿನಲ್ಲಿ ಇದು ಇಂದಿಗೂ ಮನೆಮನೆಯ ಸಂಕಟ.

ಪುರಾತತ್ವ ಇನ್ನೊಂದು ಶಾಖೆ. ತೆಲಂಗಾಣದ ಮಖ್ತಲ್ ಕಡೆಯ ಉಟ್ನೂರಿನ ಬೂದಿದಿಬ್ಬವನ್ನು ಆಲ್ಚಿನ್ ಎಂಬ ವಿದ್ವಾಂಸ 1957ರಲ್ಲಿ ಅಗೆಸಿದಾಗ ದನಗಳ ಗೊರಸಿನ ಗುರುತುಗಳು ಸಿಕ್ಕವು. ಆ ದಿಬ್ಬ ನವಶಿಲಾಯುಗದ ದನದ ದೊಡ್ಡಿಯಲ್ಲಿ ಸೆಗಣಿ ಸುಟ್ಟು ಆದ ರಾಶಿ ಎಂದು ಅದರಿಂದ ತಿಳಿಯಿತು.

ಗಡಿನಾಡಿನವರಿಗೆ ತೀರ ಹತ್ತಿರವಾದದ್ದು ಭಾಷಾ ಮಾನವಶಾಸ್ತ್ರ. ಜತ್ತ ತಾಲೂಕು ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಕುಪವಾಡ ಎಂಬ ಊರಿದೆ. ಈಗ ಅದು ಮಹಾನಗರಪಾಲಿಕೆಗೆ ಸೇರಿದೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ಅಲ್ಲಿನ ಮಾತನ್ನು ಅಭ್ಯಸಿಸಿ 1971ರಲ್ಲಿ ಪ್ರಬಂಧ ಪ್ರಕಟಿಸಿದರು. ಜೈನ ಒಕ್ಕಲಿಗರದು ಕನ್ನಡ, ಮುಸ್ಲಿಮರದು ಉರ್ದು, ಜೊತೆಗೆ ಮರಾಠಿ, ತೆಲುಗು. ಶತಮಾನಗಟ್ಟಲೆ ಒಟ್ಟಿಗೆ ಬಾಳಿ ಈ ಭಾಷೆಗಳ ವಾಕ್ಯರಚನೆ ಒಂದೇ ಆಗಿಬಿಟ್ಟಿದೆ. ಶಬ್ದಗಳು ಮಾತ್ರ ಬೇರೆ. ‘ಇದು ನಿಮ್ಮ ಮನಿ’ ಎಂದರೆ ಸಾಕಾಗುವ ಕಡೆ ಮರಾಠಿಯ ‘ಆಹೆ’ಯಂತೆ ಕೊನೆಗೊಂದು ‘ಐತಿ’ ಸೇರುತ್ತದೆ. ಇಷ್ಟಾದರೂ ಯಾರೂ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಮನೆಯೊಳಗೆ ಅದು ತಮ್ಮವರ ಗುರುತಾಗಿತ್ತು. ಗಡಿಯ ಕನ್ನಡ ಕೆಟ್ಟ ಕನ್ನಡ ಎಂದು ಮೂಗು ಮುರಿಯುವವರು ಓದಬೇಕಾದ ಪ್ರಬಂಧವಿದು. ಆ ಕನ್ನಡಕ್ಕೂ ತನ್ನದೇ ವ್ಯಾಕರಣವಿದೆ ಎಂದು ಅದು ತೋರಿಸಿಕೊಟ್ಟಿತು.

ಉಳಿದದ್ದು ಸಾಮಾಜಿಕ ಮಾನವಶಾಸ್ತ್ರ. ಇಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸರ ಹೆಸರು ದೊಡ್ಡದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿ ಬಿದ್ದು ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಆ ಊರಿನ ಮಾತು ಅವರಿಗೆ ಬರುತ್ತಿದ್ದುದು ಇಲ್ಲಿ ಗಮನಿಸಬೇಕಾದ ಸಂಗತಿ. ಹೊರಗಿನ ಸಂಶೋಧಕ ದುಭಾಷಿಯನ್ನು ಹುಡುಕುವ ಕಡೆ ತುಳು, ಕನ್ನಡ, ಮಲೆಯಾಳ ಬಲ್ಲ ಮಂಜೇಶ್ವರದ ಹುಡುಗಿ ನೇರವಾಗಿ ಜಗಲಿಯಲ್ಲಿ ಕುಳಿತು ಮಾತಿಗಿಳಿಯಬಲ್ಲಳು. ತಾಳವಾಡಿಯ, ಅಕ್ಕಲಕೋಟೆಯ ಮಕ್ಕಳಿಗೂ ಇದೇ ಅನುಕೂಲವಿದೆ.

ಕೇರಳದ ಹೈಯರ್ ಸೆಕೆಂಡರಿ ವಿಷಯಪಟ್ಟಿಯಲ್ಲಿ ಮಾನವಶಾಸ್ತ್ರವಿದೆ, ಕಲಿಸುವ ಶಾಲೆಗಳು ಕಡಿಮೆ. ಬಹುತೇಕರು ಇದಕ್ಕೆ ಬರುವುದು ಪದವಿಯ ನಂತರವೇ. ಧಾರವಾಡ, ಮೈಸೂರು, ಮದ್ರಾಸ್, ಪುಣೆ, ಹೈದರಾಬಾದ್ ಹಾಗೂ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ಕಾಸರಗೋಡಿನವರಿಗೆ ಹತ್ತಿರದ್ದು ಕಣ್ಣೂರು ವಿಶ್ವವಿದ್ಯಾಲಯದ ಪಾಲಯಾಡ್ ಕ್ಯಾಂಪಸ್, ತಲಶ್ಶೇರಿಯ ಬಳಿ. ಯಾವ ಪದವಿಯವರಿಗೆ ಪ್ರವೇಶವಿದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಉದ್ಯೋಗದ ಮಾತಿಗೆ ಬಂದರೆ, ಬಿ.ಎಡ್. ಮುಗಿಸಿ ಶಾಲೆ ಸೇರುವಂಥ ನೇರ ದಾರಿ ಇಲ್ಲಿಲ್ಲ, ಹುದ್ದೆಗಳೂ ಹೆಚ್ಚಿಲ್ಲ. 1945ರಲ್ಲಿ ಆರಂಭವಾದ, ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಗೆ ಮೈಸೂರಿನಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ವಸ್ತುಸಂಗ್ರಹಾಲಯ, ಬುಡಕಟ್ಟು ಇಲಾಖೆ, ಆರೋಗ್ಯ ಸಮೀಕ್ಷೆ, ಸ್ವಯಂಸೇವಾ ಸಂಸ್ಥೆಗಳಲ್ಲೂ ಅವಕಾಶವಿದೆ, ಆದರೆ ಅನೇಕ ಕೆಲಸಗಳು ಯೋಜನೆ ಮುಗಿಯುವ ತನಕ ಮಾತ್ರ. ಕಾಲೇಜು ಅಧ್ಯಾಪಕರಾಗಲು ಬಯಸುವವರು ನೆಟ್ ಪರೀಕ್ಷೆ ಬರೆಯುತ್ತಾರೆ. ಐಎಎಸ್ ಆಕಾಂಕ್ಷಿಗಳು ಮುಖ್ಯ ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವುದುಂಟು. ತಲಾ 250 ಅಂಕಗಳ ಎರಡು ಪತ್ರಿಕೆಗಳಿದ್ದು, ಕನ್ನಡದಲ್ಲೂ ಉತ್ತರ ಬರೆಯಬಹುದು. ಪುಸ್ತಕಗಳು ಮಾತ್ರ ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ.