ಪೋಷಿತನೇ ಪೋಷಕನಾದ ಬಗೆ

ಕೊಂಡ್ಲಹಳ್ಳಿಯ ಶರಣಬಂಧುಗಳೆ, ಮಳೆಯಿಲ್ಲದ ವರುಷ ಪರರ ಕೂಸಿಗೆ ತುತ್ತಿಡುವ ಕಷ್ಟ ಈ ಬರದ ಸೀಮೆಯ ತಾಯಂದಿರಿಗೆ ಗೊತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯೂ ಅದೇ ತುತ್ತಿನದು.

1892ರಲ್ಲಿ ಜನಿಸಿದ ಅಂಧ ಪಂಚಾಕ್ಷರ ಗವಾಯಿಗಳಿಗೆ ಬಾಲ್ಯದಲ್ಲಿ ಆಶ್ರಯವಿತ್ತು ಸಂಗೀತವಿದ್ಯೆ ಕೊಡಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಮುಂದೆ ಗವಾಯಿಗಳೇ ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡರು. ಆಸ್ತಿಯೆಲ್ಲಿಯದು? ಊರೂರು ಹಾಡಿದರು, ನಾಟಕ ಕಂಪನಿ ಕಟ್ಟಿದರು. ವಿರಕ್ತರಿಗೇಕೆ ನಾಟಕವೆಂದು ಕೇಳಬಹುದು. ಹಸಿದ ಮಗುವಿನೆದುರು ಆ ಪ್ರಶ್ನೆ ನಿಲ್ಲದು.

ಆ ಮಕ್ಕಳಲ್ಲೊಬ್ಬರು 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜರು. ಎಳವೆಯಲ್ಲೇ ತಂದೆಯನ್ನೂ ಕಣ್ಣನ್ನೂ ಕಳೆದುಕೊಂಡವರು. 1944ರಲ್ಲಿ ಗುರುಗಳು ಲಿಂಗೈಕ್ಯರಾಗಲು ಅಷ್ಟು ಮಕ್ಕಳ ಭಾರ ಅವರ ಹೆಗಲೇರಿತು. ತಾವೇ ನಾಟಕ ಬರೆದು ಆಡಿಸಿ, 2010ರಲ್ಲಿ ಲಿಂಗೈಕ್ಯರಾಗುವವರೆಗೂ ಹೊತ್ತರು. ಭಕ್ತರು ತುಲಾಭಾರದಲ್ಲಿ ತೂಗಿದ ನಾಣ್ಯವೂ ಆಶ್ರಮಕ್ಕೇ ಸಂದಿತು.